ಕೋವಿಗಾರನ ತಿರುಪುಳಿ

ಪುರಾತನವಾದ ಒಂದು ಕೋವಿಯು ತಲೆಮಾರುಗಳ ಕಾಲ ಎಂತಹ ಕೈಗಳಲ್ಲಿ ಆರೈಕೆ ಪಡೆಯಿತೆಂಬುದನ್ನು ಅರಿಯಬಯಸುವವರು ಅದರ ನಳಿಗೆಯನ್ನಾಗಲಿ ಮರದ ಹಿಡಿಯ ಕೆತ್ತನೆಯನ್ನಾಗಲಿ ಪರೀಕ್ಷಿಸಬೇಕಾದುದಿಲ್ಲ. ಪಕ್ಕದ ಉಕ್ಕಿನ ತಗಡನ್ನು ಮರಕ್ಕೆ ಬಂಧಿಸಿರುವ ಎರಡು ಮೂರು ತಿರುಪುಮೊಳೆಗಳ ತಲೆಗಳನ್ನು ನೋಡಿದರೆ ಸಾಕು. ತಲೆಯ ಮೇಲಿನ ಸೀಳು ತನ್ನ ಎರಡು ಅಂಚುಗಳನ್ನೂ ಚೂಪಾಗಿ ಉಳಿಸಿಕೊಂಡಿದ್ದರೆ ಅದನ್ನು ಬಿಚ್ಚಿದವರು ಕಸಬು ಬಲ್ಲವರೆಂದೂ, ಅಂಚು ಮಗುಚಿ, ಮೂಲೆ ಹರಿದು, ಸುತ್ತಲಿನ ತಗಡಿನ ಮೇಲೆ ಗೀರುಗಳು ಬಿದ್ದಿದ್ದರೆ ಯಾರೋ ಕೈಗೆ ಸಿಕ್ಕಿದ ತಿರುಪುಳಿಯನ್ನು ತುರುಕಿ ತಿರುಗಿಸಿದರೆಂದೂ ನಿಸ್ಸಂಶಯವಾಗಿ ಹೇಳಬಹುದು. ಬಹುಕಾಲದ ತುಕ್ಕು ಮಾಡಲಾರದ ಹಾನಿಯನ್ನು ಹೊಂದದ ಉಪಕರಣವು ಅರೆನಿಮಿಷದಲ್ಲಿ ಮಾಡಬಲ್ಲುದು. ಆದುದರಿಂದಲೇ ಒಂದೊಂದು ಸೀಳಿನ ಅಳತೆಗೂ ಒಂದೊಂದರಂತೆ ತಿರುಪುಳಿಗಳನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳುವ ಪದ್ಧತಿ ಕೋವಿಗಾರರಲ್ಲಿ ಹಿಂದಿನಿಂದಲೂ ಬಂದಿದೆ. ಆ ಪದ್ಧತಿಯನ್ನು ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕಡೆ ಸುಲಭವಾಗಿ ದೊರೆಯುವ ಸಾಮಗ್ರಿಗಳಿಂದ ಅನುಸರಿಸುವ ಬಗೆಯನ್ನೂ, ಹಾಗೆ ಕ್ರಮವರಿತು ಮಾಡಿದ ಉಪಕರಣಕ್ಕೆ ಹಳೆಯ ಕಾಲದ ಗಾಂಭೀರ್ಯವು ತಾನಾಗಿಯೇ ಒದಗುವ ರೀತಿಯನ್ನೂ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

ಹಳೆಯ ತಿರುಪುಮೊಳೆಗೆ ಇಷ್ಟೊಂದು ಗೌರವವೇಕೆಂದು ಕೇಳುವವರಿಗೆ ಮೊದಲು ಉತ್ತರ ಹೇಳಬೇಕು. ಇಂದಿನ ಅಂಗಡಿಯಲ್ಲಿ ಒಂದು ಅಳತೆಯ ತಿರುಪನ್ನು ಕೇಳಿದರೆ ಅದೇ ಅಳತೆಯ ಸಾವಿರ ತಿರುಪುಗಳು ದೊರೆಯುತ್ತವೆ. ಈ ಸಮಾನತೆ ತೀರ ಈಚಿನದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಒಂದು ಏಕರೂಪದ ಪ್ರಮಾಣವನ್ನು ಸೂಚಿಸಿದುದು 1841ರಲ್ಲಿ. ಅದಕ್ಕೆ ಸುಮಾರು ಅರ್ಧ ಶತಮಾನ ಮುಂಚೆ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣ, ಬೆಂಗಳೂರು, ನಗರ ಮುಂತಾದ ಕಡೆಗಳಲ್ಲಿ ನಡೆಸಿದ ಆಯುಧದ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳಲ್ಲಿ, ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನಲ್ಲಿದ್ದ ತೂತುಗಳ ಉಕ್ಕಿನ ಫಲಕದಿಂದಲೇ ತಿರುಪಿನ ಸುತ್ತುಗಳನ್ನು ಎಬ್ಬಿಸುತ್ತಿದ್ದನಾದ ಕಾರಣ, ಒಂದು ಕೋವಿಯ ತಿರುಪು ಮತ್ತೊಂದಕ್ಕೆ ಕೂಡುವುದಿಲ್ಲ. ಎಷ್ಟೋ ವೇಳೆ ಕೋವಿಯನ್ನು ಹಾರಿಸುವ ಒಂದೇ ಕೀಲುಕಟ್ಟಿನ ಎರಡು ತಿರುಪುಗಳೂ ಪರಸ್ಪರ ಬದಲಾಗಲಾರವು. ಅಂತಹ ತಿರುಪಿನ ತಲೆ ಹಾಳಾದರೆ ಬದಲಿಗೆ ತರಲು ಜಗತ್ತಿನಲ್ಲಿ ಎಲ್ಲಿಯೂ ಮತ್ತೊಂದಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷಗಳನ್ನು ದಾಟಿದ ಇಂತಹ ವಸ್ತು ಪ್ರಾಚ್ಯವಸ್ತುವೇ ಆಗುತ್ತದೆಂಬುದನ್ನೂ ನೆನಪಿನಲ್ಲಿಟ್ಟರೆ, ತಿರುಪುಳಿಯೆಂಬ ಸಣ್ಣ ಉಪಕರಣದ ಮೇಲೆ ಎಂತಹ ಹೊಣೆ ಇದೆಯೆಂಬುದು ವ್ಯಕ್ತವಾಗುವುದು.

ಇಲ್ಲಿ ಕಾನೂನಿನ ಒಂದು ಮಾತನ್ನು ಸ್ಪಷ್ಟಪಡಿಸಿ ಮುಂದುವರಿಯುವುದು ಒಳ್ಳೆಯದು. ತಿರುಪುಳಿಯನ್ನು ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ; ಆದರೆ 1959ರ ಆಯುಧ ಕಾಯಿದೆಯ ಪ್ರಕಾರ ಕೋವಿಯನ್ನು ಇಟ್ಟುಕೊಳ್ಳುವುದಕ್ಕೂ, ಅದನ್ನು ವೃತ್ತಿಯಾಗಿ ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ. ಅಟ್ಟದ ಮೇಲಿನ ಅಜ್ಜನ ಕೇಪಿನ ಕೋವಿಯನ್ನು ಕುತೂಹಲದಿಂದ ಬಿಚ್ಚಲು ಹೊರಡುವವರು, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ದಶಕಗಳ ಹಿಂದಿನ ಮದ್ದು ಹಾಗೆಯೇ ಉಳಿದಿರುವುದುಂಟೆಂಬುದನ್ನು ಮರೆಯದೆ, ಪರವಾನಗಿಯುಳ್ಳ ಕಸಬುದಾರರ ಬಳಿಗೇ ಅದನ್ನು ಒಯ್ಯತಕ್ಕದ್ದು. ಕೋವಿಯ ಸಹವಾಸವೇ ಇಲ್ಲದ ಓದುಗರೂ ಈ ಲೇಖನವನ್ನು ಇಲ್ಲಿಗೇ ಬಿಡಬೇಕಾಗಿಲ್ಲ. ಗೋಡೆಗಡಿಯಾರ, ಹಳೆಯ ಹೊಲಿಗೆಯಂತ್ರ, ಗ್ರಾಮಫೋನು, ಹಾರ್ಮೋನಿಯಂ ಇವೆಲ್ಲವುಗಳಲ್ಲಿಯೂ ಇರುವುದು ಅದೇ ಒಂಟಿ ಸೀಳಿನ ತಿರುಪುಗಳು. 1884ರಲ್ಲಿ ಹುಟ್ಟಿ ಮುಂದೆ ವೀರಣ್ಣನವರಿಂದ ನಾಡಿಗೆಲ್ಲ ಖ್ಯಾತವಾದ ನಾಟಕ ಮಂಡಲಿಯ ತವರಾದ ಗುಬ್ಬಿಯ ಕಡೆ ಹಾರ್ಮೋನಿಯಂ ಪೆಟ್ಟಿಗೆಗಳಿಗೆ ಅಭಾವವಿಲ್ಲ. ಅವುಗಳ ಸ್ವರದ ಪಟ್ಟಿಗಳನ್ನು ಹಿಡಿದಿರುವ ಹಿತ್ತಾಳೆಯ ತಿರುಪುಗಳು ಉಕ್ಕಿನವಕ್ಕಿಂತ ಮೃದುವಾದುದರಿಂದ ಹೊಂದದ ತಿರುಪುಳಿಗೆ ಇನ್ನೂ ಬೇಗ ಬಲಿಯಾಗುತ್ತವೆ.

ಈ ಕೆಲಸಕ್ಕೆ ನಮ್ಮ ಜಿಲ್ಲೆ ಅಪರಿಚಿತವಾದುದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ, 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿಯ ಕಡೆಯ ಹಳ್ಳಿಗರು ಮಳೆಯ ನೀರು ಹರಿದು ತಂದ ಕಪ್ಪು ಮರಳನ್ನು ತೊಳೆದು ಕಬ್ಬಿಣ ತೆಗೆಯುತ್ತಿದ್ದುದನ್ನೂ, ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿ ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಟಿಪ್ಪುವಿನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ಕುಣಿಗಲ್ಲಿನಲ್ಲಿ ಲಾಳ ಬಡಿಯುವ ಕುಲುಮೆಯ ವಿದ್ಯೆ ಹಳೆಯದು. ತುಮಕೂರಿನಲ್ಲಿದ್ದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯು, 2016ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಗುವವರೆಗೆ, ಕೂದಲೆಳೆಯ ಅಳತೆಯಲ್ಲಿ ಲೋಹವನ್ನು ಪಳಗಿಸಬಲ್ಲ ಒಂದು ಪೀಳಿಗೆಯನ್ನೇ ಬೆಳೆಸಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಅದೇ ಪರಂಪರೆಯ ಈಚಿನ ಕೊಂಡಿ. ಕೈಯಲ್ಲಿ ಅರ ಹಿಡಿಯಬಲ್ಲವರು ಇಲ್ಲಿ ಮನೆಮನೆಗೂ ಇಲ್ಲದಿದ್ದರೂ ಬೀದಿಗೊಬ್ಬರಾದರೂ ಇದ್ದಾರೆಂದು ನಾನು ಧೈರ್ಯವಾಗಿ ನಂಬುತ್ತೇನೆ.

ಪೇಟೆಯಲ್ಲಿ ಸಿಗುವ ಸಾಧಾರಣ ತಿರುಪುಳಿಯ ಮೊನೆಯು ಬುಡದಿಂದ ತುದಿಯವರೆಗೆ ಇಳಿಜಾರಾಗಿ, ಬೆಣೆಯ ಆಕಾರದಲ್ಲಿರುತ್ತದೆ. ಸೀಳಿನ ಗೋಡೆಗಳಾದರೋ ಪರಸ್ಪರ ಸಮಾನಾಂತರವಾದವು. ಬೆಣೆಯು ಸಮಾನಾಂತರವಾದ ಸೀಳಿನೊಳಗೆ ಇಳಿದಾಗ ಅದು ತಳವನ್ನು ಮುಟ್ಟದೆ ಮೇಲಿನ ಎರಡು ಅಂಚುಗಳನ್ನು ಮಾತ್ರ ಸ್ಪರ್ಶಿಸುತ್ತದೆ. ತಿರುಗಿಸಲು ಬಲ ಹಾಕಿದೊಡನೆ ಆ ಬಲದ ಒಂದು ಭಾಗ ಮೇಲ್ಮುಖವಾಗಿ ತಿರುಗಿ ತಿರುಪುಳಿಯನ್ನು ಹೊರಕ್ಕೆ ಎತ್ತುತ್ತದೆ, ಅಂಚು ಹರಿಯುತ್ತದೆ, ಜಾರಿದ ಮೊನೆ ಪಕ್ಕದ ಕೆತ್ತನೆಯ ಮೇಲೆ ಓಡುತ್ತದೆ. ಕೋವಿಗಾರನ ತಿರುಪುಳಿಯಲ್ಲಿ ಮೊನೆಯ ಕೊನೆಯ ಎರಡು ಮೂರು ಮಿಲಿಮೀಟರುಗಳಷ್ಟು ಭಾಗ, ಎಂದರೆ ಸೀಳಿನ ಆಳಕ್ಕಿಂತ ತುಸು ಹೆಚ್ಚಾಗಿ, ಎರಡು ಮುಖಗಳೂ ಸಮಾನಾಂತರವಾಗಿರತಕ್ಕದ್ದು. ಅದರ ಮೇಲೆ ಅಲಗು ಒಳಬಾಗಿದ ವಕ್ರರೇಖೆಯಲ್ಲಿ ದಪ್ಪವಾಗುತ್ತ ಹೋಗಬೇಕು. ಮೊನೆಯ ತಳ ಸಮತಲವಾಗಿದ್ದು ಸೀಳಿನ ತಳದ ಮೇಲೆ ಕೂರಬೇಕು. ಅಗಲವು ತಿರುಪಿನ ತಲೆಯ ವ್ಯಾಸಕ್ಕೆ ಸಮನಾಗಿರಬೇಕೇ ಹೊರತು ಕೂದಲಷ್ಟೂ ಹೊರಚಾಚಬಾರದು. ಈ ಒಂದು ಆಕಾರವೇ ಈ ಉಪಕರಣದ ಸಾರಸರ್ವಸ್ವ. ಉಳಿದುದೆಲ್ಲ ಅದರ ಪರಿವಾರ.

ಅಳತೆಯಿಂದಲೇ ಕೆಲಸ ಪ್ರಾರಂಭವಾಗಬೇಕು. ತಲೆಯ ವ್ಯಾಸವನ್ನು ವರ್ನಿಯರ್‌ನಿಂದಲೂ, ಸೀಳಿನ ಅಗಲವನ್ನು ಮೋಟಾರು ಮೆಕ್ಯಾನಿಕ್ಕರು ಬಳಸುವ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ಇಳಿಸಿಯೂ ಅಳೆದು, ಆಳವನ್ನು ತೆಳುವಾದ ತಗಡಿನ ಚೂರಿನ ಮೇಲೆ ಗುರುತು ಮಾಡಿಕೊಂಡು ಬರೆದಿಟ್ಟುಕೊಳ್ಳಬೇಕು. ಎಲೆಯನ್ನು ಇಳಿಸುವ ಮುನ್ನ ಸೀಳಿನಲ್ಲಿ ಗಟ್ಟಿಯಾಗಿ ಕೂತಿರುವ ಹಳೆಯ ಎಣ್ಣೆ, ಧೂಳುಗಳನ್ನು ಬಿದಿರಿನ ಚೂಪು ಕಡ್ಡಿಯಿಂದ ಕೆರೆದು ತೆಗೆಯದಿದ್ದರೆ ಅಳತೆ ಸುಳ್ಳಾಗುತ್ತದೆ. ಉತ್ತಮ ದರ್ಜೆಯ ಬೇಟೆಯ ಕೋವಿಗಳಲ್ಲಿ ಸೀಳು ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟು ತೆಳ್ಳಗಿರುವುದುಂಟು. ಸೈನ್ಯದ ಕೋವಿಗಳಲ್ಲಿ ಅದು ಒಂದು ಮಿಲಿಮೀಟರನ್ನು ಮೀರಬಹುದು. ಮೊದಲ ಪ್ರಯತ್ನಕ್ಕೆ ಅಗಲವಾದ ಸೀಳನ್ನು ಆರಿಸಿಕೊಳ್ಳುವುದು ಜಾಣತನ.

ಉಕ್ಕಿನ ವಿಷಯದಲ್ಲಿ ಅಂತರಸನಹಳ್ಳಿ, ಹಿರೇಹಳ್ಳಿಗಳ ಕೈಗಾರಿಕಾ ಪ್ರದೇಶಗಳ ಲೇತ್ ಕೆಲಸದವರನ್ನು ವಿಚಾರಿಸಿದರೆ ಅವರು ಹೇಳುವ ಹೆಸರು ಓಎಚ್‌ಎನ್‌ಎಸ್. ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುವ, ಹೆಚ್ಚು ಸೊಟ್ಟಗಾಗದ ಉಕ್ಕು ಅದು. ಆರರಿಂದ ಎಂಟು ಮಿಲಿಮೀಟರು ದಪ್ಪದ ಗುಂಡುಸರಳು ಒಂದಡಿ ಇದ್ದರೆ ಎರಡು ತಿರುಪುಳಿಗಳಾಗುತ್ತವೆ. ಅದು ದೊರೆಯದಿದ್ದರೆ ಗುಜರಿಯಲ್ಲಿ ಸಿಗುವ ಸವೆದ ಅರ ಉತ್ತಮ. ಲಾರಿಯ ಪಟ್ಟಿಯ ತುಂಡು ಕೂಡ ದಪ್ಪನೆಯ ತಿರುಪುಳಿಗೆ ಒಗ್ಗುತ್ತದೆ. ಅರವನ್ನು ಬಳಸುವವರು ಅದರ ಹಲ್ಲುಗಳನ್ನು ಪೂರ್ತಿಯಾಗಿ ಸಾಣೆ ಹಿಡಿದು ತೆಗೆದ ಮೇಲೆಯೇ ಕುಲುಮೆಗೆ ಹಾಕತಕ್ಕದ್ದು. ಹಲ್ಲಿನ ತಗ್ಗೊಂದು ಉಳಿದರೂ ಮುಂದೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಸತುವಿನ ಲೇಪವಿರುವ ಸರಳನ್ನು ಎಂದಿಗೂ ಕುಲುಮೆಗೆ ಒಡ್ಡಬಾರದು. ಅದರ ಬಿಳಿಯ ಹೊಗೆ ಉಸಿರಿಗೆ ವಿಷ.

ಸಣ್ಣ ಕುಲುಮೆಗೆ ನಮ್ಮ ಜಿಲ್ಲೆಯಲ್ಲಿ ದೊರೆಯುವ ತೆಂಗಿನ ಚಿಪ್ಪಿನ ಇದ್ದಿಲಿಗೆ ಸಮನಾದ ಉರುವಲು ಬೇರೊಂದಿಲ್ಲ. ಕಲ್ಲಿದ್ದಲಿನಲ್ಲಿರುವ ಗಂಧಕದ ಭಯ ಅದರಲ್ಲಿಲ್ಲ, ಕಾವು ತೀಕ್ಷ್ಣ, ಬೂದಿ ಸ್ವಲ್ಪ. ಸರಳನ್ನು ಕಿತ್ತಳೆಯ ಬಣ್ಣದವರೆಗೆ ಕಾಯಿಸಿ, ಅಡಿಗಲ್ಲಿನ ಮೇಲೆ ತುದಿಯನ್ನು ಚಪ್ಪಟೆಯಾಗಿ ಬಡಿದು, ಮಂದಗೆಂಪಿಗೆ ಇಳಿದೊಡನೆ ಸುತ್ತಿಗೆಯನ್ನು ನಿಲ್ಲಿಸಿ ಮತ್ತೆ ಕಾಯಿಸಬೇಕು. ತಣ್ಣಗಾದ ಉಕ್ಕನ್ನು ಬಡಿದರೆ ಒಳಗೆ ಕಣ್ಣಿಗೆ ಕಾಣದ ಸೀಳುಗಳು ಹುಟ್ಟುತ್ತವೆ, ಕಿಡಿ ಸಿಡಿಯುವಷ್ಟು ಕಾಯಿಸಿದರೆ ಉಕ್ಕು ಸುಟ್ಟೇ ಹೋಗುತ್ತದೆ. ಅಲಗನ್ನು ಬೇಕಾದ ಅಗಲಕ್ಕಿಂತ ಸ್ವಲ್ಪ ಅಗಲವಾಗಿಯೂ, ಬೇಕಾದ ದಪ್ಪಕ್ಕಿಂತ ಸುಮಾರು ಎರಡರಷ್ಟು ದಪ್ಪವಾಗಿಯೂ ಬಿಡಬೇಕು. ಇನ್ನೊಂದು ತುದಿಯಲ್ಲಿ, ಹಿಡಿಯೊಳಗೆ ಸೇರುವ ಬಾಲವನ್ನು ಚೌಕವಾಗಿ ಎಳೆದು, ಬಾಲವೂ ಸರಳೂ ಕೂಡುವಲ್ಲಿ ಎರಡು ಪಕ್ಕಕ್ಕೂ ಚಾಚಿದ ಚಪ್ಪಟೆ ಹೆಗಲನ್ನು ಉಳಿಸಿಕೊಂಡರೆ ಹಳೆಯ ಲಂಡನ್ ಮಾದರಿಯ ತಿರುಪುಳಿಯ ಲಕ್ಷಣ ಬಂದಂತಾಯಿತು. ಆ ಹೆಗಲು ಅಲಂಕಾರಕ್ಕಾಗಿ ಇರುವುದಲ್ಲ: ಹಿಡಿಯ ಹಿತ್ತಾಳೆಯ ಬಳೆಯಲ್ಲಿ ಕೊರೆದ ಎರಡು ಕಚ್ಚುಗಳಲ್ಲಿ ಅದು ಕುಳಿತು, ಎಷ್ಟು ಬಲ ಹಾಕಿದರೂ ಸರಳು ಹಿಡಿಯೊಳಗೆ ತಿರುಗದಂತೆ ತಡೆಯುತ್ತದೆ. ಬಡಿಯುವ ಕೆಲಸ ಮುಗಿದ ಮೇಲೆ ಕೆಂಪಗೆ ಕಾಯಿಸಿ, ಒಣಬೂದಿ ಅಥವಾ ಸುಣ್ಣದ ಪುಡಿ ತುಂಬಿದ ಡಬ್ಬಿಯಲ್ಲಿ ಹೂತು, ಬೆಳಗಿನವರೆಗೆ ಬಿಟ್ಟರೆ ಉಕ್ಕು ಅರಕ್ಕೆ ಬಗ್ಗುವಷ್ಟು ಮೆತ್ತಗಾಗುತ್ತದೆ.

ಅನಂತರದ ಅರದ ಕೆಲಸವೇ ನಿಜವಾದ ಪರೀಕ್ಷೆ. ಒಳಬಾಗುವ ವಕ್ರತೆಯನ್ನು ಅರೆಗುಂಡು ಅರದಿಂದಲೂ, ಮೊನೆಯ ಸಮಾನಾಂತರ ಮುಖಗಳನ್ನು ನುಣುಪಾದ ಚಪ್ಪಟೆ ಅರದಿಂದಲೂ ಎರಡೂ ಪಕ್ಕಕ್ಕೆ ಸಮಾನವಾದ ಉಜ್ಜುಗಳಿಂದ ತೆಗೆಯುತ್ತ, ಆಗಾಗ ತಿರುಪಿನ ಮೇಲೆ ಇಟ್ಟು ನೋಡುತ್ತಿರಬೇಕು. ಮೊನೆ ಸೀಳಿನೊಳಕ್ಕೆ ಇಳಿಯದಿರುವ ಘಟ್ಟದಿಂದ ಸಡಿಲವಾಗುವ ಘಟ್ಟಕ್ಕೆ ಇರುವ ಅಂತರ ನಾಲ್ಕಾರು ಉಜ್ಜುಗಳಷ್ಟೇ ಆದುದರಿಂದ, ಕಡೆಯ ಹಂತದಲ್ಲಿ ಅರವನ್ನು ಕೆಳಗಿಟ್ಟು ಎಣ್ಣೆಗಲ್ಲಿನ ಮೇಲೆ ಉಜ್ಜುವುದು ಕ್ಷೇಮ. ಸರಿಯಾಗಿ ಕೂತುದಕ್ಕೆ ಗುರುತು ಇದು: ತಿರುಪುಳಿಯನ್ನು ಸೀಳಿನಲ್ಲಿ ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರೆ ಅದು ಓಲಾಡದೆ ನಿಲ್ಲುತ್ತದೆ, ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು ನೋಡಿದರೆ ಮೊನೆಗೂ ಸೀಳಿನ ಗೋಡೆಗೂ ನಡುವೆ ಬೆಳಕಿನ ಎಳೆ ಕಾಣುವುದಿಲ್ಲ. ಅರದ ಅಡ್ಡಗೀರುಗಳನ್ನೆಲ್ಲ ಉಪ್ಪುಕಾಗದದಿಂದ ಉದ್ದುದ್ದಕ್ಕೆ ಉಜ್ಜಿ ಅಳಿಸಬೇಕು. ಅಡ್ಡಗೀರು ಉಳಿದರೆ ತಿರುಚಿದಾಗ ಮೊನೆ ಮುರಿಯುವುದು ಅಲ್ಲಿಯೇ.

ಗಡುಸು ಕೊಡುವ ಕೆಲಸವನ್ನು ಮುಸ್ಸಂಜೆಯಲ್ಲಿ ಇಲ್ಲವೆ ನೆರಳಿನಲ್ಲಿ ಮಾಡುವುದು ವಾಡಿಕೆ. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಮೊನೆಯನ್ನೂ ಅದರ ಹಿಂದಿನ ಒಂದಂಗುಲವನ್ನೂ ಸಮವಾಗಿ ಕಾಯಿಸುತ್ತ, ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಮುಟ್ಟಿಸಿ ನೋಡಬೇಕು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದರ ಮೇಲೆ ಇನ್ನೊಂದಿಷ್ಟು ಕಾವು ಏರಲು ಬಿಟ್ಟು, ಕೈ ತಾಳುವಷ್ಟು ಬೆಚ್ಚಗಾದ ಎಣ್ಣೆಯಲ್ಲಿ ನೆಟ್ಟಗೆ ಇಳಿಸಿ, ಪಕ್ಕಕ್ಕೆ ಬೀಸದೆ ಮೇಲೆ ಕೆಳಗೆ ಮಾತ್ರ ಆಡಿಸಬೇಕು. ಹೊಂಗೆಯೆಣ್ಣೆಯಾದರೂ ಕಡಲೆಕಾಯಿ ಎಣ್ಣೆಯಾದರೂ ಆದೀತು. ಪಾತ್ರೆ ಲೋಹದ್ದಾಗಿರಬೇಕು, ಮುಚ್ಚಳ ಪಕ್ಕದಲ್ಲಿರಬೇಕು, ಎಣ್ಣೆ ಹೊತ್ತಿಕೊಂಡರೆ ಮುಚ್ಚಳವನ್ನು ಹಾಕಬೇಕೇ ಹೊರತು ನೀರನ್ನು ಸುರಿಯಬಾರದು. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೂರಬಾರದು. ತಣಿದ ಮೊನೆಯ ಮೇಲೆ ಅರವನ್ನು ಎಳೆದರೆ ಅದು ಕಚ್ಚದೆ ಗಾಜಿನ ಮೇಲೆಂಬಂತೆ ಜಾರಿದರೆ ಗಡುಸು ಬಂದಿತೆಂದು ಅರ್ಥ.

ಆದರೆ ಆ ಸ್ಥಿತಿಯಲ್ಲಿ ಉಕ್ಕು ಗಾಜಿನಷ್ಟೇ ಭಿದುರ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆದೀತು. ಅದಕ್ಕೆ ಹದ ಕೊಡುವುದು, ನನ್ನ ದೃಷ್ಟಿಯಲ್ಲಿ, ಈ ಇಡೀ ಕಸಬಿನ ಅತ್ಯಂತ ಸುಂದರವಾದ ಘಟ್ಟ. ಮೊನೆಯನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ಬಾಣಲೆಯಲ್ಲಿ ಒಣಮರಳನ್ನು ಕಾಯಿಸಿ, ಸರಳಿನ ನಡುಭಾಗವನ್ನು ಮರಳಿನಲ್ಲಿ ಹುದುಗಿಸಿ, ಮೊನೆಯನ್ನು ಹೊರಗಿಟ್ಟು ತಾಳ್ಮೆಯಿಂದ ನೋಡುತ್ತಿದ್ದರೆ, ಮೊದಲು ಹೆಗಲಿನ ಕಡೆಯಿಂದ ಒಣಹುಲ್ಲಿನ ತಿಳಿಹಳದಿ ಹುಟ್ಟಿ ಮೊನೆಯತ್ತ ತೆವಳುತ್ತದೆ. ಅದು ಸುಮಾರು 220 ಡಿಗ್ರಿ. ಅದರ ಬೆನ್ನಿಗೆ ಕಂದು, ಕಂದಿನ ಬೆನ್ನಿಗೆ 270ರಿಂದ 280 ಡಿಗ್ರಿಯ ನೇರಳೆ, ಅದರ ಹಿಂದೆ 290ನ್ನು ದಾಟಿದ ಗಾಢನೀಲಿ, ಒಂದರ ಹಿಂದೊಂದು ಮೆರವಣಿಗೆ ಹೊರಡುತ್ತವೆ. ಈ ವರ್ಣಗಳೆಲ್ಲ ಉಕ್ಕಿನ ಮೇಲೆ ಬೆಳೆಯುವ ಅತಿ ತೆಳುವಾದ ಆಕ್ಸೈಡಿನ ಪದರದ ದಪ್ಪಕ್ಕೆ ಅನುಸಾರವಾಗಿ ಬೆಳಕು ತೋರುವ ಲೀಲೆ. ನೇರಳೆಯು ನೀಲಿಗೆ ತಿರುಗುವ ಕ್ಷಣ ಮೊನೆಯನ್ನು ತಲುಪಿದೊಡನೆ ಉಪಕರಣವನ್ನು ಎತ್ತಿ ಎಣ್ಣೆಗೆ ಇಳಿಸಬೇಕು. ಹಳದಿಯಲ್ಲಿಯೇ ನಿಲ್ಲಿಸಿದರೆ ಮೊನೆ ಸಿಡಿಯುತ್ತದೆ. ನೀಲಿಯೂ ಮಾಸಿ ಬೂದುಬಣ್ಣವಾಗಲು ಬಿಟ್ಟರೆ ಬಾಗುತ್ತದೆ. ಕೈಗಡಿಯಾರಗಳ ಒಳಗೆ ಕಾಣುವ ನೀಲಿಯ ಪುಟ್ಟ ತಿರುಪುಗಳಿಗೂ ಆ ಬಣ್ಣ ಬರುವುದು ಇದೇ ಕಾವಿನಿಂದ.

ಹಿಡಿಗೆ ಬೀಟೆ ಶ್ರೇಷ್ಠವೆಂಬುದು ಲೋಕವಾಡಿಕೆ. ಆದರೆ ಆ ಮರಕ್ಕೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ 2017ರಿಂದ ನಿರ್ಬಂಧವಿರುವುದಲ್ಲದೆ, ನಮ್ಮಲ್ಲಿ ಅದಕ್ಕಿಂತ ಸುಲಭವಾಗಿ ದೊರೆಯುವ ಒಳ್ಳೆಯ ಮರಗಳಿವೆ. ಹುಣಸೆಯ ಚೇಗು ಅತ್ಯಂತ ಗಟ್ಟಿ, ಕಡುಗಂದು ಬಣ್ಣದ್ದು. ಕೊಡತಿಗೂ ಗಾಣಕ್ಕೂ ಹಿರಿಯರು ಅದನ್ನು ಆರಿಸಿಕೊಂಡುದು ಸುಮ್ಮನಲ್ಲ. ಜಾಲಿ ಗಾಡಿಯ ಚಕ್ರವನ್ನೇ ತಾಳಿಕೊಂಡ ಮರ. ಹಲಸು ಇವೆರಡಕ್ಕಿಂತ ಮೃದುವಾದರೂ, ಕಡಿದಾಗ ಅರಿಸಿನದಂತಿದ್ದ ಬಣ್ಣ ಬೆಳಕಿಗೆ ಒಡ್ಡಿದಷ್ಟೂ ಮಾಗಿ ಕಂದಾಗುವ ಗುಣ ಅದಕ್ಕಿರುವುದರಿಂದ, ಸಣ್ಣ ತಿರುಪುಳಿಗಳಿಗೆ ನಾನು ಅದನ್ನೇ ಮೆಚ್ಚುವೆನು. ಹಲಸಿಗೆ ಹೆಸರಾದ ಚೇಳೂರು ಗುಬ್ಬಿ ತಾಲ್ಲೂಕಿನಲ್ಲಿಯೇ ಇದೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿಮರವಾದರೆ ಎರಡು ತುದಿಗಳಿಗೂ ಮೇಣ ಬಳಿದು, ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಹಳೆಯ ಲೆಕ್ಕದಂತೆ ನೆರಳಿನಲ್ಲಿ ಇಡತಕ್ಕದ್ದು.

ಹಿಡಿಯ ಅಡ್ಡಕೊಯ್ತ ಗುಂಡಾಗಿರದೆ ಅಂಡಾಕಾರವಾಗಿರಬೇಕು. ಆಗ ಅದು ಮೇಜಿನಿಂದ ಉರುಳುವುದಿಲ್ಲ, ಎಣ್ಣೆಗೈಯಲ್ಲಿಯೂ ಜಾರುವುದಿಲ್ಲ. ಅಂಗೈಯಲ್ಲಿ ಕೂರುವ ತುದಿ ಉಬ್ಬಿ, ಬೆರಳುಗಳು ಹಿಡಿಯುವ ಕತ್ತು ಸೊರಗಿರಬೇಕು. ಕಡಚಲಿನ ಮೇಲೆ ಗುಂಡಾಗಿ ಕಡೆದು ಎರಡು ಪಕ್ಕವನ್ನು ಅರದಿಂದ ತಗ್ಗಿಸಿದರೂ ಸರಿ, ಮೊದಲಿನಿಂದ ಕೊನೆಯವರೆಗೆ ಕೈಯಿಂದಲೇ ಕೆತ್ತಿ ಒಡೆದ ಗಾಜಿನ ಚೂರಿನಿಂದ ಹೆರೆದರೂ ಸರಿ. ಕುಣಿಗಲ್ಲಿನವರಿಗೆ ಚನ್ನಪಟ್ಟಣ ದೂರವೇನಲ್ಲ. ಬೊಂಬೆ ಕಡೆಯುವ ಅಲ್ಲಿನ ಕುಶಲಕರ್ಮಿಗಳಿಗೆ ನಕ್ಷೆಯೊಂದನ್ನು ಕೊಟ್ಟರೆ ಹಿಡಿಯ ಕೆಲಸ ಸಲೀಸು. ಹಿತ್ತಾಳೆಯ ಕೊಳವೆಯಿಂದ ಕತ್ತರಿಸಿದ ಬಳೆಯನ್ನು ಕತ್ತಿಗೆ ಬಿಗಿದು, ಅದರಲ್ಲಿ ಹೆಗಲಿಗಾಗಿ ಎರಡು ಕಚ್ಚುಗಳನ್ನು ಅರದಿಂದ ಕೊರೆದು, ಹಿಡಿಯಲ್ಲಿ ಬಾಲಕ್ಕಿಂತ ಸಣ್ಣದಾದ ರಂಧ್ರವನ್ನು ತೆಗೆದು, ಬಾಲವನ್ನು ಮಾತ್ರ ಕಾಯಿಸಿ ಒತ್ತಿದರೆ ಅದು ತನ್ನ ಜಾಗವನ್ನು ತಾನೇ ಸುಟ್ಟುಕೊಂಡು ಒಳಗಿಳಿಯುತ್ತದೆ. ಆಗ ಮೊನೆಗೆ ಒದ್ದೆಬಟ್ಟೆ ಸುತ್ತಿರಬೇಕು. ಇಲ್ಲವಾದರೆ ಕಷ್ಟಪಟ್ಟು ಕೊಟ್ಟ ಹದ ಕೆಟ್ಟುಹೋಗುತ್ತದೆ.

ಇನ್ನು ಹಳೆಯದರ ಚಹರೆಯ ವಿಷಯ. ಹೊಸ ವಸ್ತುವನ್ನು ಸರಪಳಿಯಿಂದ ಹೊಡೆದು ತಗ್ಗು ಮಾಡಿ, ಕರಿಯ ಬಣ್ಣ ಬಳಿದು ಹಳತೆಂದು ತೋರಿಸುವ ರೂಢಿಯನ್ನು ನಾನು ಒಪ್ಪಲಾರೆನು. ರಂಗಸ್ಥಳದ ಖಡ್ಗಕ್ಕೆ ಬೇಗಡೆ ಸಾಕು, ಏಕೆಂದರೆ ಅದು ಕತ್ತರಿಸಬೇಕಾದುದಿಲ್ಲ, ಉಪಕರಣಕ್ಕೆ ಹಾಗಲ್ಲ. ಹಳೆಯ ತಿರುಪುಳಿಗಳು ನಮಗೆ ಗಂಭೀರವಾಗಿ ಕಾಣುವುದಕ್ಕೆ ಕಾರಣ, ಅವುಗಳ ಮೇಲ್ಮೈಯನ್ನು ರೂಪಿಸಿದ ಕ್ರಿಯೆಗಳು ಇಂದಿನ ಕಾರ್ಖಾನೆಯ ಕ್ರೋಮ್ ಲೇಪಕ್ಕಿಂತ ಭಿನ್ನವಾದವುಗಳಾಗಿದ್ದವೆಂಬುದೇ. ಆ ಕ್ರಿಯೆಗಳನ್ನೇ ನಾವೂ ಅನುಸರಿಸಿದರೆ ಆ ಚಹರೆ ವೇಷವಾಗದೆ ಸಹಜವಾದ ಮೈಬಣ್ಣವಾಗುತ್ತದೆ, ತುಕ್ಕಿನಿಂದ ರಕ್ಷಣೆಯನ್ನೂ ಕೊಡುತ್ತದೆ.

ಅಂತಹ ಕ್ರಿಯೆಗಳಲ್ಲಿ ನಮ್ಮ ಸೀಮೆಗೆ ಅತ್ಯಂತ ಸಲ್ಲುವುದು ಅಡಿಕೆಯ ಚೊಗರಿನದು. ಎಳೆಯಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ದ್ರವದಲ್ಲಿ ಟ್ಯಾನಿನ್ ಎಂಬ ವಸ್ತು ಹೇರಳವಾಗಿದೆ. ಅದು ಕಬ್ಬಿಣದೊಡನೆ ಕೂಡಿದಾಗ ನೀಲಿಮಿಶ್ರಿತ ಕಪ್ಪಾಗುತ್ತದೆ. ಹಿಂದಿನವರು ಬರವಣಿಗೆಯ ಮಸಿಯನ್ನು ಮಾಡುತ್ತಿದ್ದುದೂ ಇದೇ ರಾಸಾಯನಿಕ ಸಂಯೋಗದಿಂದ. ತಿರುಪುಳಿಯ ಸರಳನ್ನು ಸುಣ್ಣದ ಸರಿಯಿಂದ ಉಜ್ಜಿ ತೊಳೆದು, ಬೆರಳು ಮುಟ್ಟದಂತೆ ಹಿಡಿದು, ಮೊದಲು ಹುಣಸೆಯ ಹುಳಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈಯ ಹೊಳಪು ಮಾಸಿದ ಮೇಲೆ ಬಿಸಿಯಾದ ಗಟ್ಟಿ ಚೊಗರಿನಲ್ಲಿ ಮುಳುಗಿಸಿದರೆ, ಲೋಹದ ಮೇಲೆ ಮೊದಲು ಹೊಗೆಯ ಛಾಯೆಯೂ, ಕ್ರಮೇಣ ಕಾರ್ಮುಗಿಲ ಬಣ್ಣವೂ ಮೂಡುತ್ತವೆ. ತೆಗೆದು ತೊಳೆದು, ಒರಸಿ, ಎಣ್ಣೆ ಸವರಿದರೆ ಆ ಬಣ್ಣಕ್ಕೆ ಆಳ ಬರುತ್ತದೆ. ಚೊಗರು ಸಿಗದ ಕಾಲದಲ್ಲಿ ಅಳಲೆಕಾಯಿಯ ಕಷಾಯವಾಗಲಿ, ಚರ್ಮ ಹದ ಮಾಡುವವರು ಬಳಸುವ ತಂಗಡಿಯ ತೊಗಟೆಯ ಕಷಾಯವಾಗಲಿ ಅದೇ ಕೆಲಸವನ್ನು ಮಾಡುತ್ತದೆ; ಬುಕಾನನ್ ಕಂಡ ಮೂಸೆಗಳಲ್ಲಿ ಉಕ್ಕಿಗೆ ಇಂಗಾಲವನ್ನು ಕೊಟ್ಟ ಗಿಡವೇ ಇಲ್ಲಿ ಅದಕ್ಕೆ ಬಣ್ಣವನ್ನೂ ಕೊಡುತ್ತದೆಂಬುದು ನನಗೆ ಬಹು ಹಿತವಾದ ವಿಚಾರ.

ಇನ್ನೂ ಹೆಚ್ಚು ಬಾಳುವ ಬಣ್ಣ ಬೇಕೆನ್ನುವವರು ಕೋವಿಯ ನಳಿಗೆಗಳಿಗೇ ಬಳಸುತ್ತಿದ್ದ ತುಕ್ಕಿನ ಕ್ರಮವನ್ನು ಅನುಸರಿಸಬಹುದು. ಶುಚಿಯಾದ ಸರಳಿಗೆ ತೆಳುವಾದ ಉಪ್ಪುನೀರನ್ನು ಅತಿ ಹಗುರವಾಗಿ ಸವರಿ, ತಳದಲ್ಲಿ ಒದ್ದೆಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ತೂಗುಹಾಕಿ, ಮೈಮೇಲೆ ಸಮನಾದ ಕೆಂಪು ತುಕ್ಕು ನವಿರಾಗಿ ಎದ್ದ ಮೇಲೆ ಕುದಿಯುವ ನೀರಿನಲ್ಲಿ ಕಾಲು ಗಂಟೆ ಇಟ್ಟರೆ ಆ ಕೆಂಪು ತುಕ್ಕು ಕಪ್ಪಾದ ಮ್ಯಾಗ್ನೆಟೈಟ್ ಆಗಿ ಮಾರ್ಪಡುತ್ತದೆ. ಸಡಿಲವಾದ ಮಸಿಯನ್ನು ನಯವಾದ ಉಕ್ಕಿನ ನಾರಿನಿಂದ ಒರಸಿ, ಐದಾರು ಬಾರಿ ಇದನ್ನೇ ಪುನರಾವರ್ತಿಸಿದರೆ ಒಂದರ ಮೇಲೊಂದು ಪದರ ಕೂಡಿ ಮಖಮಲ್ಲಿನಂತಹ ಕರಿನೀಲಿ ಬಣ್ಣ ಸ್ಥಿರವಾಗುತ್ತದೆ. ಕುದಿಸದೆ ಬಿಟ್ಟು ತುಕ್ಕನ್ನೇ ಒರಸಿ ಒರಸಿ ನೆಲೆಗೊಳಿಸಿದರೆ ಹದಿನೆಂಟನೆಯ ಶತಮಾನದ ನಳಿಗೆಗಳ ಕಂದುಬಣ್ಣ ದೊರೆಯುತ್ತದೆ. ನೀರು ಕುದಿಯುವ 100 ಡಿಗ್ರಿಯಿಂದ ಮೊನೆಯ ಹದಕ್ಕೆ ಯಾವ ಅಪಾಯವೂ ಇಲ್ಲ. ಆದರೆ ನಮ್ಮ ಕಡೆಯ ಕೊಳವೆಬಾವಿಯ ಗಡಸುನೀರು ಸರಳಿನ ಮೇಲೆ ಬಿಳಿಯ ಕಲೆಗಳನ್ನು ಬಿಡುವುದರಿಂದ ಮಳೆನೀರನ್ನಾಗಲಿ ಬ್ಯಾಟರಿಗೆ ಹಾಕುವ ಶುದ್ಧಜಲವನ್ನಾಗಲಿ ಬಳಸಬೇಕು. ಪಾದರಸದ ಲವಣಗಳೂ ತೀಕ್ಷ್ಣವಾದ ಆಮ್ಲಗಳೂ ಸೇರಿದ ಹಳೆಯ ಪಾಶ್ಚಾತ್ಯ ಪಾಕಗಳನ್ನು ಯಾವ ಕಾರಣಕ್ಕೂ ಮನೆಯಲ್ಲಿ ಪ್ರಯೋಗಿಸಕೂಡದು.

ಮರದ ಹಿಡಿಗೆ ವಾರ್ನಿಷ್ ಬೇಡ. ಅಗಸೆಯ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ, ಹೆಚ್ಚಾದುದನ್ನು ಒರಸಿ, ಒಣಗಿದ ಮೇಲೆ ಮತ್ತೆ ತಿಕ್ಕುತ್ತ ವಾರಗಟ್ಟಲೆ ಪೋಷಿಸಿದರೆ ಮರದೊಳಗಿನಿಂದಲೇ ಹೊಳಪು ಎದ್ದು ಬರುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಒಣಗದೆ ಜಿಡ್ಡಾಗಿ ಉಳಿಯುವುದರಿಂದ ಇದಕ್ಕೆ ಒದಗವು. ಅಗಸೆಯೆಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಅಪಾಯವುಂಟು. ಅದನ್ನು ಹರಡಿ ಬಯಲಿನಲ್ಲಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು. ಹಿಡಿಯನ್ನು ಇನ್ನಷ್ಟು ಕಪ್ಪಾಗಿಸಬೇಕೆಂದಿದ್ದರೆ, ಎಣ್ಣೆ ಹಾಕುವ ಮೊದಲೇ ಚೊಗರನ್ನು ಬಳಿದು ಒಣಗಿಸಿ, ಕಬ್ಬಿಣದ ಮೊಳೆಗಳನ್ನು ನೆನೆಹಾಕಿದ ವಿನಿಗರನ್ನು ಅದರ ಮೇಲೆ ಸವರಿದರೆ ಸಾಕು.

ಇಷ್ಟೆಲ್ಲ ಆದ ಮೇಲೆ ಹೆಗಲಿನ ಮೇಲೆ ಮಾಡಿದವರ ಗುರುತನ್ನೂ ವರ್ಷವನ್ನೂ ಚಾಣದಿಂದ ಕೊರೆಯತಕ್ಕದ್ದೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಚೆನ್ನಾಗಿ ಮಾಡಿದ ತಿರುಪುಳಿ ನಮ್ಮ ಕಾಲವನ್ನು ಮೀರಿ ಬಾಳುವುದು. ಮುಂದೊಮ್ಮೆ ಯಾರೋ ಅದನ್ನು ಇನ್ನೂರು ವರ್ಷದ ಹಳೆಯ ವಸ್ತುವೆಂದು ಮಾರುವುದಕ್ಕೆ ನಮ್ಮ ಕೈಕೆಲಸ ಸಾಧನವಾಗಬಾರದು. ಹೆಗಲಿನ ಹಿಂಬದಿಯಲ್ಲಿ ಮೊನೆಯ ಅಗಲ ಮತ್ತು ದಪ್ಪಗಳನ್ನೂ ಅಂಕಿಗಳಲ್ಲಿ ಕೊರೆದರೆ, ಸಾಲಾಗಿ ಇಟ್ಟ ತಿರುಪುಳಿಗಳಲ್ಲಿ ಬೇಕಾದುದು ತಡಕಾಡದೆ ಕೈಗೆ ಸಿಗುವುದು.

ಉಪಯೋಗಿಸುವಾಗ ತಿರುಪನ್ನು ಬಿಚ್ಚುವ ಹಿಂದಿನ ರಾತ್ರಿ ಸೀಳಿನ ಸುತ್ತ ತೆಳುವಾದ ಎಣ್ಣೆಯ ಒಂದು ಹನಿಯನ್ನು ಬಿಟ್ಟು, ಮರುದಿನ ವಸ್ತುವನ್ನು ಅಲುಗದಂತೆ ಮೆತ್ತೆಯ ಮೇಲೆ ಇರಿಸಿ, ಮೊನೆಯನ್ನು ಸೀಳಿನ ತಳದವರೆಗೆ ಇಳಿಸಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ತಿರುಗಿಸಿ ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ, ಹಿಡಿದುಕೊಂಡ ತುಕ್ಕು ಎಷ್ಟೋ ವೇಳೆ ಸದ್ದಿಲ್ಲದೆ ಬಿಡುತ್ತದೆ. ಬಿಚ್ಚಿದ ತಿರುಪುಗಳನ್ನು ಒಂದೇ ಬಟ್ಟಲಿಗೆ ಹಾಕದೆ, ರಟ್ಟಿನ ಮೇಲೆ ಕೀಲುಕಟ್ಟಿನ ಆಕಾರವನ್ನು ಬರೆದು, ಯಾವುದು ಎಲ್ಲಿಯದೋ ಅಲ್ಲಿಯೇ ಚುಚ್ಚಿಡಬೇಕು. ಮೊನೆಯ ಮೂಲೆ ಸವೆದು ಗುಂಡಾದರೆ ಎಣ್ಣೆಗಲ್ಲಿನ ಮೇಲೆ ತಳವನ್ನು ಮಾತ್ರ ಲಂಬವಾಗಿ ಉಜ್ಜಿ ಹೊಸದಾಗಿಸಬಹುದು; ವಿದ್ಯುತ್ತಿನ ಸಾಣೆಗೆ ಒಡ್ಡಿದರೆ ಕ್ಷಣದಲ್ಲಿ ನೀಲಿಯನ್ನೂ ಮೀರಿ ಕಾವೇರಿ ಹದ ಹೋಗುವುದು. ಹೀಗೆ ಉಜ್ಜುತ್ತ ಉಜ್ಜುತ್ತ ಸಮಾನಾಂತರವಾದ ಭಾಗವೆಲ್ಲ ತೀರಿ ವಕ್ರಭಾಗ ಸೀಳಿಗೆ ತಾಗುವ ದಿನ ಬಂದಾಗ, ಹಿಡಿಯನ್ನು ಬಿಡಿಸಿ, ಅಲಗನ್ನು ಮತ್ತೆ ಕುಲುಮೆಗೆ ಕೊಟ್ಟು, ಮೆತ್ತಗೆ ಮಾಡಿ, ಅರದ ಕೆಲಸದಿಂದ ಆರಂಭಿಸಬೇಕು. ಆರಂಗುಲದ ಸರಳಿನಲ್ಲಿ ಅಂತಹ ಮರುಹುಟ್ಟುಗಳಿಗೆ ಸಾಕಷ್ಟು ಉಕ್ಕು ಇರುತ್ತದೆ.